ಮರಿಸ್ವಾಮಿಯ ಕೈ ತಾಗಿದ ಪ್ಯಾನಲ್

ನಮ್ಮೂರಿನಲ್ಲಿ ಸೋಲಾರ್ ಪ್ಯಾನಲ್ ಮಾಡಿದವನ ಗುಣ ಪ್ಯಾನಲ್ಲಿಗೂ ಬರುತ್ತದೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಾನು ಬೇರೆ ಊರಿಗೆ ಹೋದವನೇ ಅಲ್ಲ, ಅಲ್ಲಿ ನನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ. ಸೋಮಾರಿ ಕರಿಬಸಪ್ಪ ಮಾಡಿದ ಪ್ಯಾನಲ್ ಬೆಳಿಗ್ಗೆ ಹತ್ತರ ಮೇಲೆ ಕಣ್ಣು ಬಿಡುತ್ತಿತ್ತು. ಅದನ್ನು ಹಾಕಿಸಿಕೊಂಡಿದ್ದ ಶಾಲೆ ಹನ್ನೊಂದಕ್ಕೆ ಶುರುವಾಗುತ್ತಿತ್ತು, ಮಕ್ಕಳು ದಾರಿಯಲ್ಲಿ ಕರಿಬಸಪ್ಪನನ್ನು ಕಂಡರೆ ಕೈ ಮುಗಿಯುತ್ತಿದ್ದರು. ಮುಂಗೋಪಿ ಚೌಡಯ್ಯನ ಪ್ಯಾನಲ್ಲು ಆಗಾಗ ಬಲ್ಬು ಸುಟ್ಟು ಹಾಕುತ್ತಿತ್ತು. ಜಿಪುಣ ಸಿದ್ಧಲಿಂಗಪ್ಪ ಮಾಡಿದ್ದು ಮನೆಯ ಮೇಲಿದ್ದರೆ ಅಡುಗೆಮನೆಯಲ್ಲಿ ದೀಪ ಹಾಕಿದ ತಕ್ಷಣ ನಡುಮನೆಯ ದೀಪ ಆರುತ್ತಿತ್ತು. ಹೆಣ್ಣು ನೋಡಲು ಬಂದವರು ಮನೆತನ, ನಕ್ಷತ್ರ ಎಲ್ಲ ವಿಚಾರಿಸಿ, ಕೊನೆಗೆ ಛಾವಣಿಯ ಕಡೆ ಕತ್ತೆತ್ತಿ ಇದು ಯಾರ ಕೈಯದು ಎಂದು ಕೇಳುವುದು ನಮ್ಮಲ್ಲಿ ವಾಡಿಕೆ.

ನಾನು ಮರಿಸ್ವಾಮಿ. ಊರಿನ ಪ್ಯಾನಲ್ ಮೇಸ್ತ್ರಿಗಳಲ್ಲೆಲ್ಲ ಹೆಸರಾದವನು. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಇಷ್ಟು ವರ್ಷ ಕಾದೆ, ಯಾರೂ ಹೇಳದೆ ಇದ್ದುದರಿಂದ ನಾನೇ ಹೇಳುತ್ತಿದ್ದೇನೆ. ನನ್ನ ಪ್ಯಾನಲ್ಲಿನ ಗುಣವೇನೆಂದರೆ ದಿನಾ ಬೆಳಿಗ್ಗೆ ಅದಕ್ಕೆ ಒಂದು ಒಳ್ಳೆಯ ಮಾತು ಬೇಕು. 'ಆಹಾ, ಏನು ಹೊಳಪು, ಏನು ಅಂದ' ಎಂದು ಯಾರಾದರೂ ಎದುರು ನಿಂತು ಹೇಳಿದರೆ ಸಾಯಂಕಾಲದವರೆಗೂ ದುಡಿಯುತ್ತಿತ್ತು. ಹೇಳದೆ ಹೋದರೆ ನೆತ್ತಿ ಸುಡುವ ಬಿಸಿಲಿನಲ್ಲೂ ಮುಖ ಊದಿಸಿಕೊಂಡು ಬಿದ್ದಿರುತ್ತಿತ್ತು. ಇದನ್ನು ನಾನು ದೋಷ ಎಂದುಕೊಂಡಿರಲಿಲ್ಲ, ಸಂಸ್ಕಾರ ಎಂದುಕೊಂಡಿದ್ದೆ. ಒಳ್ಳೆಯ ಮಾತಿಗೇನು ದುಡ್ಡು ಕೊಡಬೇಕೇ ಎಂದು ಗಿರಾಕಿಗಳನ್ನೇ ಕೇಳುತ್ತಿದ್ದೆ. ಪ್ಯಾನಲ್ಲಿಗೆ ಮಾತ್ರ ಒಂದು ಜೋಡಿ ಎತ್ತಿನ ಬೆಲೆ ತೆಗೆದುಕೊಳ್ಳುತ್ತಿದ್ದೆ. ಯಾಕೆಂದರೆ ಒಂದೊಂದು ಪ್ಯಾನಲ್ ಮಾಡಲು ನನಗೆ ಒಂದು ಮಳೆಗಾಲ ಹಿಡಿಯುತ್ತಿತ್ತು, ಅದರಲ್ಲಿ ಅರ್ಧ ಹೊತ್ತು ಮಾಡಿದ್ದನ್ನು ದೂರ ನಿಂತು ನೋಡುವುದಕ್ಕೇ ಹೋಗುತ್ತಿತ್ತು.

ಹಾಗಾಗಿ ಊರಿನಲ್ಲಿ ದೀಪ ಇದ್ದದ್ದು ಉಳ್ಳವರ ಮನೆಯಲ್ಲಿ ಮಾತ್ರ. ಉಳಿದವರಿಗೆ ಸೀಮೆಎಣ್ಣೆಯೇ ಗತಿ. ಆ ಉಳಿದವರಲ್ಲಿ ನನ್ನ ಸ್ವಂತ ಅಕ್ಕ ದೇವೀರಮ್ಮನೂ ಒಬ್ಬಳು.

ಅವ್ವ ತೀರಿಕೊಂಡಾಗ ನಾನು ಇನ್ನೂ ಕಂಕುಳ ಕೂಸು. ಅಕ್ಕ ಹುರಿಹಿಟ್ಟು ಬೀಸಿ, ಖಾರದಪುಡಿ ಕುಟ್ಟಿ, ಮನೆಮನೆಗೆ ಮಾರಿ ನನ್ನನ್ನು ಸಾಕಿದಳು. ಬೀಸುಕಲ್ಲು ತಿರುಗಿಸಿ ತಿರುಗಿಸಿ ಅವಳ ಬಲಗೈಯ ಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದಕ್ಕೂ ಪಕ್ಕದ ಮನೆಯವಳನ್ನು ಕರೆಯಬೇಕಾಗಿತ್ತು. ಇನ್ನೊಂದು ವರ್ಷ ಹೀಗೇ ಬೀಸಿದರೆ ಈ ಕೈಯನ್ನು ಮರೆತುಬಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅಕ್ಕ ಅದಕ್ಕೆಂದೇ ಸಂತೆಯಲ್ಲಿ ಹಳೆಯದೊಂದು ಹಿಟ್ಟಿನ ಮಿಷನ್ ಕೊಂಡು ತಂದಿದ್ದಳು. ಅದನ್ನು ಓಡಿಸಲು ಪ್ಯಾನಲ್ ಇರಲಿಲ್ಲ. ಮಿಷನ್ನು ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂತಿತ್ತು, ಅಕ್ಕ ಅದರ ಪಕ್ಕದಲ್ಲೇ ಕೂತು ಕೈಯಲ್ಲಿ ಬೀಸುತ್ತಿದ್ದಳು.

ನಾನು ತೀರ ಕಲ್ಲು ಮನಸ್ಸಿನವನಲ್ಲ. ನನ್ನ ಕೈಯಾರೆ ಮಾಡಿದ ಒಂದು ಪ್ಯಾನಲ್ಲನ್ನು ಅವಳಿಗೆ ಪುಕ್ಕಟೆ ಕೊಡಲು ಹೋದೆ. ಸುಮ್ಮನೆ ಹೋಗಲಿಲ್ಲ, ಸಂತೆಯ ದಿನ, ಸಂತೆಯ ನಡುವಿನಿಂದ, ಹೆಗಲ ಮೇಲೆ ಹೊತ್ತುಕೊಂಡು, ಎಲ್ಲಿಗೆ ಅಂತ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಹೋದೆ. ಅಕ್ಕ ಜಗಲಿಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಪ್ಯಾನಲ್ಲನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಇದನ್ನ ನಾನು ದಿನಾ ಬೆಳಿಗ್ಗೆ ಎದ್ದು ಹೊಗಳ್ಬೇಕಾ?" ಅಂದಳು. "ನಿನ್ನೊಬ್ಬನ್ನ ಸಾಕಿದ್ದೇ ಸಾಕು. ತಗೊಂಡ್ಹೋಗು."

ಬಂದ ದಾರಿಯಲ್ಲೇ ಹೊತ್ತುಕೊಂಡು ವಾಪಸು ಹೋದೆ, ಅದೇ ಸಂತೆಯ ನಡುವೆ. ಹೋಗುವಾಗ ಎಲ್ಲಿಗೆ ಅಂತ ಕೇಳದೆ ಇದ್ದವರೂ ಬರುವಾಗ ಎಲ್ಲಿಂದ ಅಂತ ಕೇಳಿದರು. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ನನ್ನನ್ನು ಸಾಕಿದವಳು, ನಾನು ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದೇ ಒಂದು ಸಲ ಭೇಷ್ ಎಂದವಳಲ್ಲ. ಇಡೀ ಊರಿಗೆ ದೀಪ ಹಚ್ಚಿದವನು ನಾನು, ಅಕ್ಕನ ಬಾಯಲ್ಲಿ ಮಾತ್ರ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮರಿ.

ಹೀಗಿರುವಾಗ ಸರ್ವಮಂಗಳಮ್ಮ ಬಂದರು. ಅವರು ಹಪ್ಪಳದ ಕಾರ್ಖಾನೆ ನಡೆಸುತ್ತಿದ್ದವರು. ದೊಡ್ಡ ಅಂಗಳ, ಅದರ ತುಂಬ ಈಚಲು ಚಾಪೆ, ಚಾಪೆಯ ತುಂಬ ಹಪ್ಪಳ. ಒಂದು ದಿನ ನನ್ನ ಕೊಟ್ಟಿಗೆಗೆ ಬಂದು, ನಾನು ಪ್ಯಾನಲ್ಲಿನ ಒಂದು ಮೂಲೆಗೆ ಬೆಸುಗೆ ಹಾಕಿ ದೂರ ನಿಂತು ನೋಡುವುದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, ನಮ್ಮಲ್ಲಿ ಒಬ್ಬಳು ಹಿಟ್ಟು ಕಲಸುತ್ತಾಳೆ, ಒಬ್ಬಳು ಕುಟ್ಟುತ್ತಾಳೆ, ಒಬ್ಬಳು ಉಂಡೆ ಕಟ್ಟುತ್ತಾಳೆ, ಒಬ್ಬಳು ಲಟ್ಟಿಸುತ್ತಾಳೆ, ಒಬ್ಬಳು ಹರವುತ್ತಾಳೆ, ಹಪ್ಪಳ ತಿಂದವರು ಯಾರಾದರೂ ಇದು ಯಾರ ಗುಣ ಎಂದು ಕೇಳಿದ್ದಾರೆಯೇ ಎಂದರು. ನಾನು ಇಲ್ಲ ಎಂದೆ. ಹಾಗಾದರೆ ಪ್ಯಾನಲ್ಲನ್ನೂ ಹಪ್ಪಳದ ಹಾಗೇ ಮಾಡೋಣ ಎಂದರು.

ಅವರ ಲೆಕ್ಕ ಸರಳವಾಗಿತ್ತು. ಒಬ್ಬರು ಸೆಲ್ ಜೋಡಿಸುವುದು, ಒಬ್ಬರು ತಂತಿ ಬೆಸೆಯುವುದು, ಒಬ್ಬರು ಗಾಜು ಕೂರಿಸುವುದು, ಒಬ್ಬರು ಚೌಕಟ್ಟು ಬಿಗಿಯುವುದು. ಒಂದು ಎಲೆಅಡಿಕೆ ಜಗಿದು ಮುಗಿಯುವಷ್ಟು ಹೊತ್ತಿಗಿಂತ ಹೆಚ್ಚು ಯಾರೂ ಒಂದು ಪ್ಯಾನಲ್ಲನ್ನು ಮುಟ್ಟಿಕೊಂಡಿರಬಾರದು. ಅಷ್ಟರಲ್ಲಿ ಯಾರ ಸಿಟ್ಟೂ ಸೆಡವೂ ಅದಕ್ಕೆ ಹತ್ತುವುದಿಲ್ಲ. ಒಬ್ಬನ ಒಂದು ಮಳೆಗಾಲದ ಕೆಲಸ ಒಂದು ಬೆಳಗಿನಲ್ಲಿ ಮುಗಿಯುತ್ತದೆ, ಬೆಲೆ ಒಂದು ಕುಕ್ಕರಿನಷ್ಟಕ್ಕೆ ಇಳಿಯುತ್ತದೆ. ನನ್ನ ಕೆಲಸವೆಂದರೆ ಹೆಂಗಸರಿಗೆ ಕಲಿಸುವುದು, ಕಲಿಸಿದ ಮೇಲೆ ಕುರ್ಚಿಯಲ್ಲಿ ಕೂತು ನೋಡಿಕೊಳ್ಳುವುದು. ಪ್ಯಾನಲ್ಲನ್ನು ಮಾತ್ರ ಮುಟ್ಟಬೇಡಿ ಮೇಸ್ತ್ರಿಗಳೇ ಎಂದು ಮಂಗಳಮ್ಮ ಕೈ ಮುಗಿದು ಕೇಳಿಕೊಂಡರು. ನಾನು ಒಪ್ಪಿದೆ. ಕುರ್ಚಿಗೆ ಕೈ ಇದೆಯೇ ಎಂದು ಮಾತ್ರ ವಿಚಾರಿಸಿದೆ.

ಸುದ್ದಿ ಹಬ್ಬಿತು. ಅಕ್ಕನೂ ಹುರಿಹಿಟ್ಟು ಮಾರಿದ ದುಡ್ಡಿನಲ್ಲಿ ಒಂದಕ್ಕೆ ಮುಂಗಡ ಕೊಟ್ಟುಹೋದಳಂತೆ. ಯಾರ ಗುಣವೂ ಇಲ್ಲದ್ದು ತಾನೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳಂತೆ. ನನಗೆ ಸಂತೋಷವೂ ಆಯಿತು, ಒಂದು ಥರ ಚುಚ್ಚಿದ ಹಾಗೂ ಆಯಿತು.

ಹಪ್ಪಳ ಒಣಗುತ್ತಿದ್ದ ಅಂಗಳದಲ್ಲೇ ಅರ್ಧ ಜಾಗಕ್ಕೆ ತಗಡು ಹೊದಿಸಿ ಕೆಲಸ ಶುರುವಾಯಿತು. ಲಟ್ಟಣಿಗೆ ಹಿಡಿದು ಪಳಗಿದ ಕೈಗಳು ಸೆಲ್ಲುಗಳನ್ನು ಒಂದನ್ನೂ ಒಡೆಯದೆ ಜೋಡಿಸಿದವು. ಪ್ಯಾನಲ್ಲುಗಳು ಸಾಲಾಗಿ ಹೊರಬಂದವು, ಒಂದರ ಹಾಗೆ ಇನ್ನೊಂದು. ಕುರ್ಚಿಯಲ್ಲಿ ಕೂತು ನೋಡಿದೆ. ಹೆಂಗಸರು ಸೊಸೆಯರ ವಿಚಾರ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದರು, ನನ್ನ ಕಡೆಗೆ ಯಾರೂ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಸಾಲಿನ ಕೊನೆಗೆ ಹೋಗಿ, ಮುಗಿದ ಪ್ಯಾನಲ್ಲಿನ ಗಾಜಿಗೆ ಧೂಳು ಕೂತಿದೆ ಎಂದು ಹೆಗಲ ಮೇಲಿನ ವಲ್ಲಿಯಿಂದ ಒರೆಸಿದೆ. ಒಂದು ಸಲ ಒರೆಸಿದರೆ ಏನಾದೀತು? ಎಲೆಅಡಿಕೆ ಜಗಿಯುವ ಹೊತ್ತೂ ಹಿಡಿಯುವುದಿಲ್ಲ.

ಒರೆಸಿದ್ದರಿಂದ ಏನೂ ಆಗುತ್ತಿರಲಿಲ್ಲವೋ ಏನೋ. ಆದರೆ ಒರೆಸಿದ ಗಾಜಿನಲ್ಲಿ ನನ್ನ ಮುಖ ಕಂಡಿತು. ಮೀಸೆ ಒಂದು ಕಡೆ ಬಾಗಿತ್ತು, ಸರಿ ಮಾಡಿಕೊಂಡೆ. ವಯಸ್ಸಾದರೂ ಲಕ್ಷಣ ಹೋಗಿಲ್ಲ ಎನ್ನಿಸಿತು, ಇನ್ನೊಂದು ಮಗ್ಗುಲಿನಿಂದ ನೋಡಿದೆ. ಮುಂದಿನ ಪ್ಯಾನಲ್ಲಿನಲ್ಲಿ ಹೇಗೆ ಕಾಣುತ್ತದೆಂದು ಅದನ್ನೂ ಒರೆಸಿದೆ. ಅವತ್ತಿನಿಂದ ಆ ಕಾರ್ಖಾನೆಯಿಂದ ಹೊರಗೆ ಹೋದ ಪ್ರತಿಯೊಂದು ಪ್ಯಾನಲ್ಲನ್ನೂ ನಾನು ಒರೆಸಿ ಮುಖ ನೋಡಿಕೊಂಡೇ ಕಳಿಸಿದೆ. ಮೇಸ್ತ್ರಿಗಳಿಗೆ ಕೆಲಸದ ಮೇಲೆ ಎಷ್ಟು ನಿಗಾ ಎಂದು ಹೆಂಗಸರಲ್ಲಿ ಒಬ್ಬಳು ಅಂದಳು. ಆ ಮಾತಿನ ಮೇಲೆ ನಾನು ವಾರಗಟ್ಟಲೆ ಬದುಕಿದೆ.

ಯುಗಾದಿಯ ಹಿಂದಿನ ದಿನ ಮೊದಲ ಸರಕು ಊರೆಲ್ಲ ಹಂಚಿಹೋಯಿತು. ಕುಂಬಾರರ ಕೇರಿ, ಮಗ್ಗದವರ ಕೇರಿ, ಕೆರೆಯ ಹಿಂದಿನ ಗುಡಿಸಲು, ಎಲ್ಲ ಕಡೆ ಛಾವಣಿಯ ಮೇಲೆ ಪ್ಯಾನಲ್. ಹಬ್ಬದ ಬೆಳಿಗ್ಗೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಜನ ಸ್ವಿಚ್ಚು ಒತ್ತಿದರು. ಒಂದು ದೀಪವೂ ಹತ್ತಲಿಲ್ಲ. ಮಗ್ಗದವರ ಕೇರಿಯಲ್ಲಿ ಒಬ್ಬ ಮುದುಕ ಛಾವಣಿಯ ಕಡೆ ನೋಡಿ, ಇಷ್ಟು ಚಂದ ಇದ್ದು ಯಾಕಪ್ಪ ಹಿಂಗೆ ಮಾಡ್ತೀಯ ಅಂದನಂತೆ. ಅಂದದ್ದೇ ತಡ ಅವನ ಮನೆ ಬೆಳಗಿತು. ಊರಿಗೆ ಅಷ್ಟು ಸಾಕಾಯಿತು. ಯಾರ ಕೈಯದು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಮನೆಯಿಂದ ಹೊರಗೆ ಕಾಲಿಟ್ಟಾಗ ಇಡೀ ಊರು ಹೊಗಳುತ್ತಿತ್ತು. ಈ ಕಡೆಯ ಮಾಡಿನಿಂದ ಆಹಾ, ಆ ಕಡೆಯ ಮಾಡಿನಿಂದ ಓಹೋ. ನನಗೆ ಇನ್ನೂ ಯಾರೂ ವಿಷಯ ಹೇಳಿರಲಿಲ್ಲ. ಅಂತೂ ಊರಿಗೆ ಬುದ್ಧಿ ಬಂತು ಎಂದುಕೊಂಡು, ಎಡಕ್ಕೂ ಬಲಕ್ಕೂ ಕೈ ಮುಗಿಯುತ್ತ ಬೀದಿಯ ಉದ್ದಕ್ಕೂ ನಡೆದೆ. ಬೀದಿಯ ಕೊನೆ ಮುಟ್ಟಿದಾಗಲೇ ಹೊಗಳುವವರು ಹಲ್ಲು ಕಚ್ಚಿಕೊಂಡಿರುವುದು ಕಣ್ಣಿಗೆ ಬಿತ್ತು. ಕುಂಬಾರ ಗಿಡ್ಡಯ್ಯ, "ಎಂಥಾ ಪ್ಯಾನಲ್ಲಪ್ಪ, ಇದನ್ನ ಮಾಡಿದ ಮಹಾನುಭಾವನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು, ಕಾಲಿಗೆ ಕಬ್ಬಿಣದ್ದು," ಎನ್ನುತ್ತಿದ್ದ. ಅವನ ಮನೆಯ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ವ್ಯಂಗ್ಯ ನನಗೆ ಯಾವತ್ತೂ ತಿಳಿದದ್ದಿಲ್ಲ, ನನ್ನ ಪ್ಯಾನಲ್ಲುಗಳಿಗೂ ತಿಳಿಯುತ್ತಿರಲಿಲ್ಲ.

ಜನ ಹೇಗೋ ಹೊಂದಿಕೊಂಡರು, ನಮ್ಮೂರ ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ. ಜಗಳವಾಡಿದ ಗಂಡಹೆಂಡಿರು ಯಾರು ಹೊಗಳುವುದು ಎಂದು ಮತ್ತೆ ಜಗಳವಾಡಿ ಕತ್ತಲಲ್ಲಿ ಕೂತರು. ಒಬ್ಬ ಹೊಗಳಿಕೆಯನ್ನು ಮೊಬೈಲಿನಲ್ಲಿ ಹಿಡಿದು ಛಾವಣಿಯ ಮೇಲೆ ಹಾಕಿಟ್ಟ, ಪ್ಯಾನಲ್ಲು ಮೋಸ ಹೋಗಲಿಲ್ಲ. ಮದುವೆಯಲ್ಲಿ ಸ್ವಾಗತ ಭಾಷಣ ಮಾಡುತ್ತಿದ್ದ ಒಬ್ಬಾತ ಮನೆಮನೆಗೆ ಹೋಗಿ ಕೂಲಿಗೆ ಹೊಗಳತೊಡಗಿದ. ಆದರೆ ಹಪ್ಪಳದ ಅಂಗಳದ ಮುಂದೆ ಮುಂಗಡ ವಾಪಸು ಕೇಳುವವರ ಸಾಲು ಬೆಳೆಯಿತು. ಮಂಗಳಮ್ಮ ನನ್ನನ್ನು ಕರೆಸಿದರು. ನಾನು ಕುರ್ಚಿಯಲ್ಲಿ ಕೂರಲು ಹೋದೆ, ಕುರ್ಚಿ ಅಲ್ಲಿರಲಿಲ್ಲ.

"ಮೇಸ್ತ್ರಿಗಳೇ, ಒಂದೊಂದರಲ್ಲೂ ಎಷ್ಟು ಹೊತ್ತು ಮುಖ ನೋಡ್ಕೊಂಡ್ರಿ?" ಎಂದರು.

ಸ್ವಲ್ಪ ಹೊತ್ತು ಎಂದೆ. ಅವರು ಸಿಟ್ಟು ಮಾಡಲಿಲ್ಲ. ಅವರು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಎಲ್ಲ ಪ್ಯಾನಲ್ಲನ್ನೂ ವಾಪಸು ತಂದು ಹೊಸದು ಕೊಡಬೇಕು, ಇಲ್ಲದಿದ್ದರೆ ಕಾರ್ಖಾನೆ ಮುಚ್ಚಬೇಕು, ಮುಚ್ಚಿದರೆ ಮತ್ತೆ ಎತ್ತಿನ ಜೋಡಿಯ ಬೆಲೆಗೇ ಪ್ಯಾನಲ್ ಕೊಳ್ಳಬೇಕಾಗುತ್ತದೆ ಎಂದಷ್ಟೇ ಹೇಳಿದರು. ಆಗ ನನಗೆ ಅಕ್ಕನ ನೆನಪಾಯಿತು. ಅವಳ ಕೈಗೆ ಉಳಿದಿದ್ದದ್ದು ಒಂದು ವರ್ಷ. ಯಾರ ಗುಣವೂ ಇಲ್ಲದ್ದು ಎಂದು ಎರಡು ಸಲ ಕೇಳಿ ಕೊಂಡ ಪ್ಯಾನಲ್ಲಿನ ಮೇಲೆ ನಾನು ಮೀಸೆ ತಿರುವಿಕೊಂಡಿದ್ದೆ. ಅವಳು ಸತ್ತರೂ ಹೊಗಳುವವಳಲ್ಲ. ಮತ್ತೆ ಬೀಸುಕಲ್ಲಿನ ಮುಂದೆ ಕೂತಿರುತ್ತಾಳೆ, ಆ ಕೈ ಇನ್ನು ಏಳುವುದಿಲ್ಲ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡು ಕೆರೆಯ ಹಿಂದಿನ ಅಕ್ಕನ ಕೇರಿಗೆ ಓಡಿದೆ.

ತಿರುವಿಗೆ ಬರುವಷ್ಟರಲ್ಲಿ ಗರಗರ ಸದ್ದು ಕೇಳಿಸಿತು. ಅಕ್ಕನ ಮನೆಯ ಮಿಷನ್ ಓಡುತ್ತಿತ್ತು. ಬಾಗಿಲಲ್ಲಿ ಹುರಿದ ಕಡಲೆಯ ಘಮ. ನಾನು ಒಳಗೆ ಹೋಗಲಿಲ್ಲ. ಎದೆ ಉಬ್ಬಿಹೋಗಿತ್ತು. ಮಿಷನ್ ಓಡುತ್ತಿದೆ ಎಂದರೆ ಅಕ್ಕ ಹೊಗಳಿದ್ದಾಳೆ ಎಂದೇ ಅರ್ಥವಲ್ಲವೇ? ಇಷ್ಟು ವರ್ಷ ಬಾಯಿ ಬಿಡದವಳು ಯಾರಿಗೂ ಕಾಣದ ಹಾಗೆ ಹಿತ್ತಲಲ್ಲಿ ನಿಂತು ಭೇಷ್ ಅಂದಿದ್ದಾಳೆ. ಅದನ್ನು ಕಿವಿಯಾರೆ ಕೇಳದೆ ಇರುವುದಾದರೂ ಹೇಗೆ? ಕಾರ್ಖಾನೆ ಮುಳುಗುತ್ತಿದೆ, ಊರು ಶಪಿಸುತ್ತಿದೆ, ನಾನು ಮಾತ್ರ ನಾಳೆ ಬೆಳಿಗ್ಗೆ ಎಲ್ಲಿ ಅಡಗಿ ಕೂರುವುದು ಎಂದು ಅವಳ ಹಿತ್ತಲ ಬೇಲಿಯನ್ನು ಪರೀಕ್ಷೆ ಮಾಡುತ್ತಿದ್ದೆ.

ಮರುದಿನ ಹೊತ್ತು ಮೂಡುವ ಮುಂಚೆ ಹೋಗಿ ಕಳ್ಳಿಬೇಲಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತೆ. ಪಂಚೆ ಮುಳ್ಳಿಗೆ ಸಿಕ್ಕಿತು, ಇರುವೆ ಕಚ್ಚಿತು, ಉಸಿರೆತ್ತಲಿಲ್ಲ. ಬಿಸಿಲು ಏರಿದ ಮೇಲೆ ಅಕ್ಕ ಹಿಂಬಾಗಿಲು ತೆಗೆದು ಬಂದಳು. ಪ್ಯಾನಲ್ಲನ್ನು ಅವಳು ಮಾಡಿನ ಮೇಲೆ ಹಾಕಿಸಿರಲಿಲ್ಲ, ಕೈಗೆ ಎಟುಕಲೆಂದು ಹಿತ್ತಲ ಕಟ್ಟೆಗೆ ಒರಗಿಸಿ ನಿಲ್ಲಿಸಿದ್ದಳು. ನಾನು ಕಿವಿಗೆ ಕೈ ಹಚ್ಚಿದೆ.

"ಲೋ ಮರಿ, ಇನ್ನೂ ಎದ್ದಿಲ್ವೇನೋ?" ಅಂದಳು. ನನ್ನ ಜೀವ ಹಾರಿಹೋಯಿತು. ಆಮೇಲೆ ಗೊತ್ತಾಯಿತು, ಕೇಳಿದ್ದು ಪ್ಯಾನಲ್ಲನ್ನು.

"ನೋಡು ಮುಖಾನ, ಎಲ್ಲಿ ಹೊರಳಾಡಿ ಬಂದೆ," ಎನ್ನುತ್ತ ಸೆರಗಿನ ತುದಿ ಒದ್ದೆ ಮಾಡಿಕೊಂಡು ಗಾಜು ಒರೆಸಿದಳು. ಮೂಲೆಮೂಲೆಯನ್ನೂ ಒರೆಸಿದಳು, ನನ್ನ ಕಿವಿಯ ಹಿಂದೆ ಒರೆಸುತ್ತಿದ್ದ ಹಾಗೆ. ಪಕ್ಕದ ನುಗ್ಗೆಗಿಡದ ನೆರಳು ಬೀಳುತ್ತಿತ್ತು, ಎಡಗೈಯಲ್ಲಿ ಆ ರೆಂಬೆಯನ್ನು ಎಳೆದು ಕಟ್ಟಿದಳು. "ಹೂಂ, ಈಗ ಬಿಸಿಲು ಬಂತು. ತಿನ್ನು, ಹೊಟ್ಟೆ ತುಂಬ ತಿನ್ನು. ಆಮೇಲೆ ಕೆಲಸ ಮಾಡಿದ್ರಾಯ್ತು."

ಅಷ್ಟೇ. ಆಹಾ ಇಲ್ಲ, ಓಹೋ ಇಲ್ಲ. ಒಳಗೆ ಹೋಗಿ ಸ್ವಿಚ್ಚು ಒತ್ತಿದಳು, ಮಿಷನ್ ಓಡಿತು. ನಾನು ಬೇಲಿಯ ಹಿಂದೆ ಅತ್ತೆ. ಸದ್ದಿಲ್ಲದೆ ಅತ್ತೆ ಎಂದು ಹೇಳುತ್ತಿದ್ದೆ, ಆದರೆ ಒಂದು ಕೋಳಿ ನನ್ನನ್ನು ನೋಡಿ ಹೆದರಿ ಓಡಿತು. ಭೇಷ್ ಎನ್ನುವ ಮಾತಿಗಾಗಿ ನಾನು ಇಡೀ ಊರನ್ನೇ ಕಾಡಿಸಿದ್ದೆ. ಈ ಮಾತುಗಳನ್ನು ಅವಳು ನನಗೆ ದಿನಾ ಹೇಳುತ್ತಿದ್ದಳು, ನಾನು ಅವನ್ನು ಬೈಗುಳದ ಲೆಕ್ಕಕ್ಕೆ ಹಾಕಿಕೊಂಡು ಬಂದಿದ್ದೆ. ನನ್ನಿಂದ ಗುಣ ಹತ್ತಿಸಿಕೊಂಡ ಪ್ಯಾನಲ್ಲಿಗೆ ಕೆಲವೇ ದಿನದಲ್ಲಿ ತಿಳಿದದ್ದು ನನಗೆ ಮೀಸೆ ನೆರೆತರೂ ತಿಳಿದಿರಲಿಲ್ಲ.

ಅವತ್ತೇ ಮಂಗಳಮ್ಮನ ಹತ್ತಿರ ಹೋಗಿ, ನನ್ನನ್ನು ಪ್ಯಾನಲ್ಲುಗಳ ಸಾಲಿನಿಂದ ದೂರ ಇಡಿ ಎಂದೆ. ಈಗಾಗಲೇ ಇಟ್ಟಾಯಿತು ಎಂದರು. ಹಾಗಾದರೆ ವಾಪಸು ತರುವ ಗಾಡಿಯನ್ನು ನಾನು ಎಳೆಯುತ್ತೇನೆ ಎಂದೆ. ಅವರು, ಹೊಸ ಪ್ಯಾನಲ್ಲನ್ನು ಗೋಣಿಯಲ್ಲಿ ಸುತ್ತಿ ಕೊಡುತ್ತೇವೆ, ಬಿಚ್ಚಬೇಡಿ ಎಂದರು. ಗಾಜು ಒರೆಸುವ ಕೆಲಸವನ್ನು ಒಬ್ಬರ ನಂತರ ಒಬ್ಬರು ಹೆಂಗಸರು ಹಂಚಿಕೊಂಡರು, ಒರೆಸುವಾಗ ಗಮನ ಅಡುಗೆಯ ಮಾತಿನ ಕಡೆಗಿರಬೇಕು ಎಂದು ಕಟ್ಟಪ್ಪಣೆಯಾಯಿತು. ಹೊಸ ಪ್ಯಾನಲ್ಲುಗಳು ಸೂರ್ಯ ಬಂದರೆ ಬೆಳಗುತ್ತಿದ್ದವು, ಹೋದರೆ ಸುಮ್ಮನಾಗುತ್ತಿದ್ದವು. ಅವುಗಳಲ್ಲಿ ಯಾರ ಗುಣವೂ ಇರಲಿಲ್ಲ. ಬೆಲೆ ಕುಕ್ಕರಿನದ್ದೇ ಉಳಿಯಿತು.

ನಾನು ಮನೆಮನೆಗೂ ಗಾಡಿ ಎಳೆದುಕೊಂಡು ಹೋದೆ. ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವ ತನಕ ಕೆಳಗೆ ನಿಂತವರು ನನಗೆ ಏನೇನು ಹೇಳಬೇಕೆಂದಿದ್ದರೋ ಅದನ್ನೆಲ್ಲ ಹೇಳಿದರು. ಗಿಡ್ಡಯ್ಯ ಕಬ್ಬಿಣದ ಕಡಗದ ಅರ್ಥವನ್ನು ಬಿಡಿಸಿ ಹೇಳಿದ. ಈ ಸಲ ನನಗೆ ಪೂರ್ತಿ ತಿಳಿಯಿತು.

ಅಕ್ಕನ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಮಳೆಗಾಲ ಕಳೆದು ಬಿಸಿಲು ಮರಳಿತ್ತು. ಹಿತ್ತಲಿಗೆ ಹೋಗಿ, ಅಕ್ಕ, ಹೊಸದು ತಂದಿದ್ದೇನೆ, ಇದಕ್ಕೆ ಯಾರೂ ಏನೂ ಹೇಳಬೇಕಾಗಿಲ್ಲ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ ಎಂದೆ. ಅವಳು ಬಂದು ಹಳೆಯ ಪ್ಯಾನಲ್ಲಿನ ಮುಂದೆ ಅಡ್ಡ ನಿಂತಳು.

"ಇದು ಇರ್ಲಿ," ಅಂದಳು.

"ಇದು ಕೆಟ್ಟದ್ದು ಅಕ್ಕ. ನನ್ನ ಕೈ ತಾಗಿರೋದು."

"ಗೊತ್ತು ಕಣೋ. ಮೊದಲನೇ ದಿನ ಮುಖ ಊದಿಸ್ಕೊಂಡು ಕೂತಿದ್ದು ನೋಡಿದಾಗ್ಲೇ ಗೊತ್ತಾಯ್ತು. ಹಸಿವಾದ್ರೆ ನೀನೂ ಹಿಂಗೇ ಕೂರ್ತಿದ್ದೆ." ಹೊಸದನ್ನು ಪಕ್ಕದ ಮನೆಯವಳಿಗೆ ಕೊಡು, ಅವಳ ಮಗಳು ಓದುತ್ತಾಳೆ ಎಂದಳು.

ನನಗೆ ಇನ್ನೂ ಬುದ್ಧಿ ಬಂದಿರಲಿಲ್ಲ. ಚೆನ್ನಾಗಿ ಕೆಲಸ ಮಾಡುತ್ತದೆಯೇ ಎಂದು ಕೇಳಿಯೇಬಿಟ್ಟೆ. ಅಕ್ಕ ಒಳಗೆ ಹೋದಳು. ಹಿಂದೆಯೇ ಹೋದೆ. ಬೀಸುಕಲ್ಲನ್ನು ಮೂಲೆಗೆ ಸರಿಸಿ, ಅದಕ್ಕೆ ಮಿಷನ್ನಿನ ಗೋಣಿಚೀಲ ಹೊದಿಸಿದ್ದಳು. ಅವಳ ತಲೆ ನೀಟಾಗಿ ಬಾಚಿತ್ತು. ನಾನು ನೋಡುತ್ತಿದ್ದ ಹಾಗೇ ಗೋಡೆಯ ಮೇಲಿನ ಹಲಗೆಗೆ ಬಲಗೈ ಚಾಚಿದಳು. ಕೈ ಎದೆಯ ಮಟ್ಟ ದಾಟಿತು, ಭುಜದ ಮಟ್ಟ ದಾಟಿತು. ಅಲ್ಲಿ ಒಂದು ಗಳಿಗೆ ನಿಂತಿತು, ಅವಳು ಹಲ್ಲು ಕಚ್ಚಿದಳು, ಆಮೇಲೆ ನಿಧಾನವಾಗಿ ಮೇಲೆ ಹೋಗಿ ನನ್ನ ಹಳೆಯ ತಟ್ಟೆಯನ್ನು ಇಳಿಸಿಕೊಂಡು ಬಂತು. ಅದರಲ್ಲಿ ಬೆಲ್ಲ ಹಾಕಿ ಕಲಸಿದ ಹುರಿಹಿಟ್ಟಿನ ಉಂಡೆ ಇಟ್ಟು, ನನ್ನ ಮುಂದೆ ತಳ್ಳಿದಳು.

"ತಿನ್ನು, ಹೊಟ್ಟೆ ತುಂಬ ತಿನ್ನು. ಆಮೇಲೆ ಕೆಲಸ ಮಾಡಿದ್ರಾಯ್ತು."

ತಿಂದೆ. ಎದ್ದು ಕೈ ತೊಳೆದು, ಪಕ್ಕದ ಮನೆಯ ಮಾಡು ಹತ್ತಿ, ಗೋಣಿಯನ್ನು ಆ ಮನೆಯವರಿಂದಲೇ ಬಿಚ್ಚಿಸಿ ಹೊಸ ಪ್ಯಾನಲ್ಲನ್ನು ಕೂರಿಸಿದೆ. ಆಮೇಲೆ ಗಾಡಿ ಎಳೆದುಕೊಂಡು ಹೋಗಿ ಹೊತ್ತು ಮುಳುಗುವವರೆಗೆ ಅಂಗಳದಲ್ಲಿ ಹಳೆಯ ಪ್ಯಾನಲ್ಲುಗಳ ಚೌಕಟ್ಟು ಬಿಚ್ಚಿದೆ. ಯಾರೂ ನನಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ, ನಾನೂ ದೂರ ನಿಂತು ನೋಡಲಿಲ್ಲ.